ಮನೆಯೊಳಗೆ ಕಿವಿಗೆ ಹತ್ತಿ ಬೇಡ

ಕಿವಿ ತೋರಿಸಲು ಬರುವ ಕೆಲವರು ಕುರ್ಚಿಯಲ್ಲಿ ಕೂರುವ ಮೊದಲೇ ಅವರ ತೊಂದರೆ ಅರ್ಧ ತಿಳಿದುಬಿಡುತ್ತದೆ. ಎರಡೂ ಕಿವಿಯಲ್ಲಿ ಹತ್ತಿ, ಅದರ ಮೇಲೆ ಮಫ್ಲರ್ ಇಲ್ಲವೇ ಬಿಗಿಯಾಗಿ ಸುತ್ತಿದ ಸೆರಗು. ಹೇಳುವುದೂ ಹೆಚ್ಚುಕಡಿಮೆ ಒಂದೇ: ಎಂಜಲು ನುಂಗಿದರೆ ಒಳಗೆ ಟಕ್ ಅನ್ನುತ್ತದೆ, ಕಿವಿ ಸದಾ ಕಟ್ಟಿದ ಹಾಗಿದೆ, ಕುಕ್ಕರ್ ಕೂಗಿದರೆ ಸೂಜಿ ಚುಚ್ಚಿದ ಹಾಗಾಗುತ್ತದೆ. ಕೈಯಲ್ಲಿ ಮೂರು ನಾಲ್ಕು ಕಡೆಯ ಚೀಟಿಗಳು. ಆಡಿಯೋಗ್ರಾಂ ನಾರ್ಮಲ್, ಟಿಂಪನೋಗ್ರಾಂ ‘ಎ’ ಟೈಪ್, ಅಂದರೆ ಅದೂ ಸರಿ. ಎಲ್ಲ ಕಡೆ “ಏನೂ ಇಲ್ಲ” ಅಂದಿದ್ದಾರೆ.

ಏನೂ ಇಲ್ಲ ಅನ್ನುವುದು ಸರಿಯಲ್ಲ. ಆ ಪರೀಕ್ಷೆಗಳು ನೋಡುವುದು ಎಷ್ಟು ಸಣ್ಣ ಸದ್ದು ಕೇಳುತ್ತದೆ, ಕಿವಿ ತಮಟೆ ಹೇಗೆ ಅಲುಗುತ್ತದೆ ಎಂಬುದನ್ನು. ದೊಡ್ಡ ಸದ್ದನ್ನು ಎಷ್ಟರ ಮಟ್ಟಿಗೆ ತಡೆದುಕೊಳ್ಳುತ್ತೀರಿ ಎಂಬುದು ಅವುಗಳಲ್ಲಿ ಕಾಣುವುದಿಲ್ಲ. ತೊಂದರೆ ನಿಜವಾದದ್ದೇ. ಆದರೆ ಆ ತೊಂದರೆಗೆಂದು ಇಟ್ಟುಕೊಂಡ ಹತ್ತಿಯೇ ಮೂರನ್ನೂ ಬೆಳೆಸುತ್ತಿದೆ ಎಂದರೆ ಯಾರೂ ನಂಬುವುದಿಲ್ಲ. ಹೂಂ ಅಂತ ತಲೆ ಆಡಿಸಿ ಹೋಗುತ್ತಾರೆ, ಮುಂದಿನ ಸಲ ಹತ್ತಿಯ ಬದಲು ಆನ್‌ಲೈನಿನಲ್ಲಿ ತರಿಸಿದ ಸಿಲಿಕಾನ್ ಪ್ಲಗ್ ಹಾಕಿಕೊಂಡು ಬರುತ್ತಾರೆ. ಹಾಗಾಗಿ ಇಲ್ಲಿ ಅದೊಂದನ್ನೇ ಬಿಡಿಸಿ ಹೇಳುತ್ತೇನೆ.

ಮೊದಲು ಟಕ್ ಸದ್ದು. ಈಗಲೇ ಒಂದು ಹಪ್ಪಳದ ಚೂರು ಬಾಯಿಗೆ ಹಾಕಿಕೊಂಡು ಅಗಿಯಿರಿ. ಅಗಿಯುತ್ತಲೇ ಎರಡೂ ಕಿವಿಗಳನ್ನು ಬೆರಳಿನಿಂದ ಮುಚ್ಚಿ. ಕರಕರ ಸದ್ದು ಹೆಚ್ಚಾಯಿತಲ್ಲವೇ? ದವಡೆ, ಗಂಟಲು, ನಾಡಿ ಇವುಗಳ ಸದ್ದು ಎಲುಬಿನ ಮೂಲಕ ಕಿವಿಯ ಕೊಳವೆಯ ಗೋಡೆಗೆ ಬರುತ್ತದೆ. ಕೊಳವೆಯ ಬಾಯಿ ತೆರೆದಿದ್ದರೆ ಅದರ ಬಹುಪಾಲು ಹೊರಗೆ ಸೋರಿಹೋಗುತ್ತದೆ, ಮುಚ್ಚಿದ್ದರೆ ಒಳಗೇ ಸಿಕ್ಕಿಕೊಂಡು ತಮಟೆಗೆ ಬಡಿಯುತ್ತದೆ. ತಗ್ಗು ಸ್ವರಗಳಲ್ಲಿ ಈ ಏರಿಕೆ 20 ಡೆಸಿಬೆಲ್‌ವರೆಗೂ ಹೋಗಬಹುದು. ಕೊಳವೆಯ ಬಾಯಲ್ಲೇ ನಿಲ್ಲುವ ಪ್ಲಗ್ಗಿನಲ್ಲಿ ಇದು ಹೆಚ್ಚು, ಆಳಕ್ಕೆ ಕೂರುವುದರಲ್ಲಿ ಕಡಿಮೆ. ನುಂಗುವಾಗ ಮೂಗಿನ ಹಿಂಭಾಗದಿಂದ ಕಿವಿಯೊಳಕ್ಕೆ ಹೋಗುವ ಯುಸ್ಟೇಷಿಯನ್ ನಾಳ ತೆರೆದು ಮುಚ್ಚುವ ಸಣ್ಣ ಟಕ್ ಎಲ್ಲರಿಗೂ ಇರುತ್ತದೆ. ಹೊರಗಿನ ಸದ್ದು ಅದನ್ನು ಮುಚ್ಚಿಹಾಕುವುದರಿಂದ ಗೊತ್ತಾಗುವುದಿಲ್ಲ. ಹೊರಗಿನದನ್ನು ತಡೆದು ಒಳಗಿನದನ್ನು ಏರಿಸಿದರೆ ಕೇಳುವುದು ಟಕ್ ಒಂದೇ.

ಕಿವಿ ಕಟ್ಟಿದ ಭಾವಕ್ಕೆ ಹೆಚ್ಚು ವಿವರಣೆ ಬೇಡ. ಕಟ್ಟಿದರೆ ಕಟ್ಟಿದ ಹಾಗೇ ಇರುತ್ತದೆ. ಜೊತೆಗೆ ಗುಗ್ಗೆ ಒಳಕ್ಕೆ ತಳ್ಳಿಸಿಕೊಳ್ಳುತ್ತದೆ, ಬೆವರು ನಿಂತು ತುರಿಕೆ, ಕೆಲವೊಮ್ಮೆ ಬೂಸ್ಟು. ಅದರ ಮೇಲೆ ಬಿಸಿ ಮಾಡಿದ ಬೆಳ್ಳುಳ್ಳಿ ಎಣ್ಣೆ ಬಿಟ್ಟರೆ ಕೇಳುವುದೇ ಬೇಡ. ತಮಟೆಯಲ್ಲಿ ತೂತಿದೆಯೋ ಇಲ್ಲವೋ ನೋಡದೆ ಎಣ್ಣೆ ಬಿಡಬೇಡಿ.

ಮೂರನೆಯದೇ ಮುಖ್ಯ, ಜನ ಒಪ್ಪದ್ದೂ ಅದನ್ನೇ. ರಾತ್ರಿ ಕರೆಂಟು ಹೋಗಿ ಒಂದು ಗಂಟೆ ಬುಡ್ಡಿ ದೀಪದಲ್ಲಿ ಕೂತಿದ್ದವರಿಗೆ ಕರೆಂಟು ಬಂದಾಗ ಅದೇ ಹಳೆಯ ಬಲ್ಬು ಕಣ್ಣು ಕುಕ್ಕುತ್ತದೆ. ಬಲ್ಬು ಹೆಚ್ಚು ಉರಿಯುತ್ತಿಲ್ಲ, ಕಣ್ಣು ಕತ್ತಲೆಗೆ ಹೊಂದಿಕೊಂಡಿದೆ. ಕಿವಿಯ ಹಿಂದಿರುವ ಮಿದುಳಿನ ದಾರಿಯಲ್ಲೂ ಇಂಥ ಹೊಂದಾಣಿಕೆ ಇದೆ, ಆದರೆ ಅದು ನಿಧಾನ, ದಿನಗಟ್ಟಲೆ ಹಿಡಿಯುತ್ತದೆ. ಕಿವಿಯಿಂದ ಬರುವ ಸಂಕೇತ ಕಡಿಮೆಯಾದರೆ ಮಿದುಳು ತನ್ನ ವಾಲ್ಯೂಮನ್ನು ಏರಿಸಿಕೊಳ್ಳುತ್ತದೆ. ಆಮೇಲೆ ಹತ್ತಿ ತೆಗೆದಾಗ ಪಾತ್ರೆ ತೊಳೆಯುವ ಸದ್ದೂ ಸಿಡಿಲಿನ ಹಾಗೆ ಬಡಿಯುತ್ತದೆ. “ನೋಡಿ, ತೆಗೆದರೆ ಇನ್ನೂ ಜಾಸ್ತಿ” ಎಂದು ಮತ್ತೆ ತುರುಕಿಕೊಳ್ಳುತ್ತಾರೆ.

ಇದು ಬರೀ ಊಹೆಯಲ್ಲ. 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಿವಿ ಚೆನ್ನಾಗಿದ್ದವರಿಗೇ ಎರಡು ವಾರ ಪ್ಲಗ್ ಹಾಕಿಸಿದರು, ಇನ್ನೊಮ್ಮೆ ಮೆಲುವಾಗಿ ‘ಶ್’ ಎನ್ನುವ ಸದ್ದು ಹೊರಡಿಸುವ ಪುಟ್ಟ ಯಂತ್ರ ಹಾಕಿಸಿದರು. ಪ್ಲಗ್ ಹಾಕಿದಾಗ ಸದ್ದು ತಡೆದುಕೊಳ್ಳುವ ಶಕ್ತಿ ಕುಗ್ಗಿತು, ಯಂತ್ರ ಹಾಕಿದಾಗ ಹೆಚ್ಚಿತು. 2009ರಲ್ಲಿ ಇಂಗ್ಲೆಂಡಿನವರು ಒಂದೇ ಕಿವಿಗೆ ಏಳು ದಿನ ಪ್ಲಗ್ ಹಾಕಿಸಿ ನೋಡಿದಾಗ, ದೊಡ್ಡ ಸದ್ದಿಗೆ ಬಿಗಿಯುವ ಒಳಸ್ನಾಯು ಆ ಕಿವಿಯಲ್ಲಿ ಮೊದಲಿಗಿಂತ ಸಣ್ಣ ಸದ್ದಿಗೇ ಬಿಗಿಯತೊಡಗಿತ್ತು. ಪ್ಲಗ್ ತೆಗೆದ ಮೇಲೆ ಮೊದಲಿನಂತೆಯೇ ಆಯಿತು. ಕೊನೆಯ ಮಾತನ್ನು ಬಿಡದೆ ಹೇಳುತ್ತೇನೆ, ಯಾಕೆಂದರೆ ಎದುರು ಕೂತವರಿಗೆ ಬೇಕಾಗಿರುವುದು ಅದೇ. ಏರಿದ ವಾಲ್ಯೂಮ್ ಇಳಿಯುತ್ತದೆ. ಆದರೆ ಅವು ಆರೋಗ್ಯವಂತ ಕಿವಿಗಳು. ತಿಂಗಳುಗಟ್ಟಲೆ ನರಳಿದವರಿಗೆ ಏಳು ದಿನ ಸಾಲದು.

ಹಾಗಂತ ಪ್ಲಗ್ಗೇ ಬೇಡ ಎನ್ನುತ್ತಿಲ್ಲ. ಡಿಜೆ, ಹತ್ತಿರದ ಪಟಾಕಿ, ಬಾರಿಸುವ ತಮಟೆಯ ಪಕ್ಕ, ಗೋಡೆಗೆ ಡ್ರಿಲ್ಲಿಂಗ್, ಕಾರ್ಖಾನೆ, ಎಂಆರ್‌ಐ ಯಂತ್ರ, ಇಲ್ಲೆಲ್ಲ ಬೇಕೇ ಬೇಕು. 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ಎಂಬುದು ಸಾಮಾನ್ಯ ಮಿತಿ, ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದರೆ ಸಮಯ ಅರ್ಧಕ್ಕೆ ಇಳಿಯುತ್ತದೆ. ತೋಳಿನಳತೆ ದೂರದಲ್ಲಿ ಇರುವವರ ಜೊತೆ ಕೂಗಿ ಮಾತಾಡಬೇಕಾದರೆ ಆ ಮಿತಿಯ ಹತ್ತಿರ ಇದ್ದೀರಿ ಎಂದುಕೊಳ್ಳಿ. ಅಲ್ಲಿ ಹತ್ತಿ ಕೆಲಸಕ್ಕೆ ಬಾರದು, ಅಷ್ಟು ದೊಡ್ಡ ಸದ್ದಿಗೆ ಅದು ತಡೆಯುವುದು ಸಾಲದು. ಫೋಮ್ ಪ್ಲಗ್ಗನ್ನು ಬತ್ತಿ ಹೊಸೆದ ಹಾಗೆ ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ತೂರಿಸಿ, ಉಬ್ಬುವವರೆಗೆ 30 ಸೆಕೆಂಡು ಬೆರಳಿನಿಂದ ಹಿಡಿಯಿರಿ. ಅರ್ಧ ಹೊರಗೆ ಕಾಣುತ್ತಿದ್ದರೆ ಕೂತಿಲ್ಲ ಎಂದರ್ಥ. ಗದ್ದಲದ ಜಾಗದಿಂದ ನೀವು ಹೊರಬಂದ ಕೂಡಲೇ ಪ್ಲಗ್ ತೆಗೆಯಿರಿ.

ಇನ್ನು ದವಡೆ. ಕಿವಿ ತೋರಿಸಲು ಬಂದವರ ದವಡೆ ಒತ್ತಿ ನೋಡಿದರೆ ಅಚ್ಚರಿ ಪಡುತ್ತಾರೆ. ಅಗಿಯುವ ಸ್ನಾಯುಗಳಿಗೆ, ತಮಟೆಯನ್ನು ಬಿಗಿಯುವ ಪುಟ್ಟ ಸ್ನಾಯುವಿಗೆ, ಯುಸ್ಟೇಷಿಯನ್ ನಾಳವನ್ನು ತೆರೆಯುವ ಅಂಗುಳದ ಸ್ನಾಯುವಿಗೆ, ಮೂರಕ್ಕೂ ಒಂದೇ ನರದ ಕವಲು ಹೋಗುತ್ತದೆ. ಹಗಲೆಲ್ಲ ಹಲ್ಲು ಕಚ್ಚಿಕೊಂಡೇ ಇರುವವರಲ್ಲಿ, ರಾತ್ರಿ ಹಲ್ಲು ಕಡಿಯುವವರಲ್ಲಿ ಕಿವಿ ತುಂಬಿದಂತಾಗುವುದು, ಸದ್ದಿಗೆ ತಮಟೆ ಅದುರಿದಂತಾಗುವುದು ಹೆಚ್ಚಾಗಿ ಕಾಣುತ್ತದೆ. ಕಿವಿಯ ಮುಂದಿನ ಕೀಲಿನ ಮೇಲೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಟಕ್ ಬೆರಳಿಗೆ ಸಿಕ್ಕಿದರೆ ಅದು ಕೀಲಿನದು. ಎರಡು ಮೂರು ವಾರ ಚಕ್ಕುಲಿ, ಕೋಡುಬಳೆ, ಕಬ್ಬು, ಚೂಯಿಂಗ್ ಗಮ್ ಬಿಡಿ. ಮುದ್ದೆ, ಅನ್ನ, ಮೆತ್ತಗಿನ ಇಡ್ಲಿ ಸಾಕು. ನಾಲಗೆಯ ತುದಿ ಮೇಲಿನ ಹಲ್ಲುಗಳ ಹಿಂದೆ, ತುಟಿ ಮುಚ್ಚಿದೆ, ಹಲ್ಲು ಮುಟ್ಟುತ್ತಿಲ್ಲ: ಸುಮ್ಮನಿರುವಾಗ ದವಡೆ ಇರಬೇಕಾದ್ದು ಹೀಗೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ 10–15 ನಿಮಿಷ ಕೆನ್ನೆಗೆ ಶಾಖ, ದಿನಕ್ಕೆ ಎರಡು ಸಲ.

ಅಡಿಕೆಯ ಮಾತು ಬೇರೆಯೇ. ಮಲೆನಾಡು, ಕರಾವಳಿಯಲ್ಲಿ ಅಡಿಕೆ ಬದುಕು, ನನಗೂ ಗೊತ್ತು. ಆದರೆ ದಿನವೆಲ್ಲ ಅಡಿಕೆ, ಗುಟ್ಕಾ ಅಗಿಯುವವರ ಬಾಯೊಳಗಿನ ಪೊರೆ ನಾರುಗಟ್ಟಿ ಬಿಗಿಯುತ್ತದೆ. ಅದು ಅಂಗುಳಕ್ಕೂ ಹಬ್ಬಿದರೆ ನಾಳ ತೆರೆಯುವ ಸ್ನಾಯು ಸರಿಯಾಗಿ ಎಳೆಯಲಾರದು, ಕಿವಿ ಕಟ್ಟುತ್ತದೆ. ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿದಷ್ಟು ಬಾಯಿ ತೆರೆಯದಿದ್ದರೆ ಕಿವಿಗಿಂತ ಮೊದಲು ಬಾಯಿ ತೋರಿಸಿ. ಆ ಪೊರೆ ಮುಂದೆ ಕ್ಯಾನ್ಸರಿಗೂ ತಿರುಗಬಹುದು.

ಮೂಗು ಮುಚ್ಚಿಕೊಂಡು ಕಿವಿಗೆ ಗಾಳಿ ಊದುವ ಚಟ ಇನ್ನೊಂದು. ದಿನಕ್ಕೆ ಐವತ್ತು ಸಲ ಊದುವವರಿದ್ದಾರೆ. ಶೀತ ಇದ್ದಾಗ ಊದಿದರೆ ಮೂಗಿನ ಸೋಂಕು ಕಿವಿಗೆ ಹೋಗುತ್ತದೆ, ಜೋರಾಗಿ ಊದಿದರೆ ಒಳಕಿವಿಗೇ ಪೆಟ್ಟಾದ ಉದಾಹರಣೆಗಳೂ ಅಪರೂಪಕ್ಕೆ ಇವೆ. ಮೂಗು ಹಿಡಿದು ಒಂದು ಗುಟುಕು ನೀರು ನುಂಗುವುದು ಅದಕ್ಕಿಂತ ಮೃದು. ಚಾರ್ಮಾಡಿ, ಆಗುಂಬೆ ಹತ್ತುವಾಗ ಇರದ ತೊಂದರೆ ಇಳಿಯುವಾಗ ಬರುವುದಕ್ಕೂ ಕಾರಣವಿದೆ: ಹತ್ತುವಾಗ ಒಳಗಿನ ಗಾಳಿ ತಾನೇ ದಾರಿ ಮಾಡಿಕೊಂಡು ಹೊರಹೋಗುತ್ತದೆ, ಇಳಿಯುವಾಗ ನಾಳವನ್ನು ನುಂಗಿಯೋ ಆಕಳಿಸಿಯೋ ನೀವೇ ತೆರೆಯಬೇಕು. ತಿರುವುಗಳು ಶುರುವಾಗುವ ಮೊದಲೇ ಪೆಪ್ಪರ್‌ಮಿಂಟ್ ಬಾಯಲ್ಲಿರಲಿ. ಮಕ್ಕಳು ಮಲಗಿದ್ದರೆ ಎಬ್ಬಿಸಿ.

ಮೂಗಿನ ಅಲರ್ಜಿಯಿಂದ ಕಿವಿ ಕಟ್ಟಿ ಸ್ಟೀರಾಯ್ಡ್ ಸ್ಪ್ರೇ ಬರೆದುಕೊಟ್ಟಿದ್ದರೆ ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲಕ್ಕೆ ಹೊಡೆಯಿರಿ. ತಲೆ ತುಸು ಬಾಗಿರಲಿ, ತುದಿ ಮೂಗಿನ ನಡುಗೋಡೆಯ ಕಡೆ ಬೇಡ. ಜೋರಾಗಿ ಎಳೆದರೆ ಔಷಧಿ ಗಂಟಲಿಗೆ ಹೋಗುತ್ತದೆ. ಗುಣ ತಿಳಿಯಲು ಎರಡು ವಾರ ಬೇಕು. ಮೂಗು ಥಟ್ಟನೆ ಬಿಡಿಸುವ ಆಕ್ಸಿಮೆಟಜೋಲಿನ್, ಜೈಲೋಮೆಟಜೋಲಿನ್ ಹನಿಗಳು ಬೇರೆ ಜಾತಿಯವು. ಐದು ದಿನ ಮೀರಿ ಹಾಕಿದರೆ ಅವುಗಳಿಂದಲೇ ಮೂಗು ಕಟ್ಟತೊಡಗುತ್ತದೆ.

ಕೆಲವು ಲಕ್ಷಣಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಒಂದು ಕಿವಿ ಇದ್ದಕ್ಕಿದ್ದಂತೆ ಕಟ್ಟಿ ಕೇಳುವುದೂ ಕಡಿಮೆಯಾದರೆ ಗುಗ್ಗೆಯಿರಬೇಕು, ಶೀತವಿರಬೇಕು ಎಂದು ವಾರ ಕಾಯಬೇಡಿ. ಬಾಯಿ ಮುಚ್ಚಿ ‘ಮ್‌’ ಎಂದು ಗುನುಗಿ. ಸದ್ದು ಕಟ್ಟಿದ ಕಿವಿಯ ಕಡೆಗೇ ಜೋರಾಗಿ ಬಂದರೆ ಅಡಚಣೆಯಿರಬಹುದು. ಚೆನ್ನಾಗಿರುವ ಕಿವಿಯ ಕಡೆ ಸರಿದರೆ ನರಕ್ಕೆ ಪೆಟ್ಟಾಗಿರಬಹುದು, ಅಂಥ ಕಿವಿಗೆ ಸ್ಟೀರಾಯ್ಡ್ ಆದಷ್ಟು ಬೇಗ, ಮೊದಲ ಎರಡು ವಾರದೊಳಗೆ ಸಿಗಬೇಕು. ಈ ಗುನುಗು ಪಕ್ಕಾ ಪರೀಕ್ಷೆಯಲ್ಲ, ಎರಡೂ ಸಂದರ್ಭದಲ್ಲಿ ಒಂದೆರಡು ದಿನದೊಳಗೆ ಆಡಿಯೋಗ್ರಾಂ ಆಗಲೇಬೇಕು. ನಾಡಿಯ ತಾಳಕ್ಕೆ ಸರಿಯಾಗಿ ಬಡಿಯುವ ಸದ್ದು, ದೊಡ್ಡ ಸದ್ದಿಗೆ ತಲೆ ಸುತ್ತುವುದು, ಸದ್ದು ಸಹಿಸಲಾಗದ ಜೊತೆಗೆ ಮುಖ ಒಂದು ಕಡೆ ಸೊಟ್ಟಗಾಗುವುದು, ದೊಡ್ಡವರಲ್ಲಿ ಒಂದೇ ಕಿವಿಯಲ್ಲಿ ವಾರಗಟ್ಟಲೆ ನೀರು ನಿಲ್ಲುವುದು, ಇವನ್ನೂ ತೋರಿಸಿ. ನಿಮ್ಮ ಮಾತು, ಉಸಿರು ಕಿವಿಯೊಳಗೇ ಮೊಳಗಿ, ಮಲಗಿದರೆ ಸರಿಹೋಗುವುದಾದರೆ ನಾಳ ಮುಚ್ಚಿಲ್ಲ, ತೆರೆದೇ ಉಳಿದಿದೆ. ಥಟ್ಟನೆ ತೂಕ ಇಳಿಸಿದವರಲ್ಲಿ ಇದು ಬರುತ್ತದೆ, ಮೂಗು ಬಿಡಿಸುವ ಹನಿಗಳಿಂದ ಹೆಚ್ಚುತ್ತದೆ.

ಪರೀಕ್ಷೆಗೆ ಹೋದಾಗ, ಅದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿರಲಿ, ನಿಮ್ಮೂರಿನ ಆಡಿಯಾಲಜಿಸ್ಟ್ ಇರಲಿ, ಸದ್ದು ಸಹಿಸಲಾಗುವುದಿಲ್ಲ ಎಂದು ಮೊದಲೇ ಹೇಳಿಬಿಡಿ. ದೊಡ್ಡ ಸದ್ದಿಗೆ ಕಿವಿಯ ಒಳಸ್ನಾಯು ಬಿಗಿಯುವುದನ್ನು ನೋಡುವ ಅಕೌಸ್ಟಿಕ್ ರಿಫ್ಲೆಕ್ಸ್ ಪರೀಕ್ಷೆಯ ಸದ್ದು 100 ಡೆಸಿಬೆಲ್‌ವರೆಗೂ ಹೋಗುತ್ತದೆ. ಅದನ್ನು ಮುಂದೂಡಬಹುದು, ಮೆಲ್ಲಗೆ ಮಾಡಬಹುದು.

ಹತ್ತಿ ಬಿಡುವ ಕ್ರಮಕ್ಕೆ ಬರುತ್ತೇನೆ. ಒಂದೇ ದಿನ ಕಿತ್ತೆಸೆದರೆ ಕಷ್ಟ. ಮನೆ ಶಾಂತವಾಗಿರುವ ಹೊತ್ತಿನಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ತೆಗೆದಿಡಿ. ಆ ಹೊತ್ತಿನಲ್ಲಿ ಪೂರ್ತಿ ನಿಶ್ಶಬ್ದ ಬೇಡ: ಟೇಬಲ್ ಫ್ಯಾನು, ಮೊಬೈಲಿನಲ್ಲಿ ಮಳೆಯ ಸದ್ದು, ಸಣ್ಣಗೆ ಆಕಾಶವಾಣಿ. ಟಕ್ ಸದ್ದು ಅದರ ಅಡಿಯಲ್ಲಿ ಮಸುಕಾಗಿ ಕೇಳಿಸುತ್ತಲೇ ಇರಬೇಕು, ಪೂರ್ತಿ ಮುಳುಗಬಾರದು. ಮೂರು ದಿನಕ್ಕೊಮ್ಮೆ ಒಂದು ಗಂಟೆ ಸೇರಿಸಿ. ರಾತ್ರಿ ಫ್ಯಾನು ಸಾಕು, ಪ್ಲಗ್ ಬೇಡ. ಆರು ವಾರದ ಹೊತ್ತಿಗೆ ಮನೆಯೊಳಗೆ ಹತ್ತಿ ಇಲ್ಲದೆ ಇರುವಂತಾದರೆ ಒಳ್ಳೆಯ ಪ್ರಗತಿ, ಸದ್ದು ತಡೆಯುವ ಶಕ್ತಿ ಮರಳಲು ಆರು ತಿಂಗಳೋ ವರ್ಷವೋ ಹಿಡಿಯಬಹುದು. ಕೇಳಿದ ಸದ್ದಿನಿಂದ ಕಿವಿನೋವು ಮರುದಿನಕ್ಕೂ ಉಳಿದರೆ ಒಂದು ಹೆಜ್ಜೆ ಹಿಂದೆ ಸರಿಯಿರಿ. ನೋವೇ ಮುಖ್ಯವಾಗಿರುವವರು ಇದನ್ನು ಒಬ್ಬರೇ ಮಾಡದೆ ಆಡಿಯಾಲಜಿಸ್ಟ್ ಜೊತೆ ಮಾಡಿ. ಹೆಡ್‌ಸೆಟ್ಟಿನಲ್ಲಿ ಕಿರ್ರೆಂದ ಸದ್ದಿನಿಂದ ತೊಂದರೆ ಶುರುವಾದ ಕಾಲ್ ಸೆಂಟರಿನವರಿಗೂ ಇದೇ ಮಾತು.

ಕುಕ್ಕರನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲ ವಾರ ಎರಡು ಕೋಣೆ ಆಚೆ, ಬಾಗಿಲು ಮುಚ್ಚಿ. ಆಮೇಲೆ ಬಾಗಿಲು ತೆರೆದು. ಆಮೇಲೆ ಅಡುಗೆಮನೆಯ ಹೊಸ್ತಿಲಲ್ಲಿ. ಕೊನೆಗೆ ಒಲೆಯ ಗುಂಡಿ ನಿಮ್ಮ ಕೈಯಲ್ಲೇ ಇರಲಿ, ಎಷ್ಟು ಸೀಟಿಗೆ ಆರಿಸಬೇಕೆಂದು ನೀವೇ ಎಣಿಸಿ. ಬರುತ್ತದೆಂದು ಗೊತ್ತಿರುವ ಸದ್ದು ಹಠಾತ್ತನೆ ಬಂದದ್ದಕ್ಕಿಂತ ಕಡಿಮೆ ಬಡಿಯುತ್ತದೆ. ಮನೆಯವರಲ್ಲಿ ಒಂದು ಮಾತು: ಪಿಸುಗುಟ್ಟುತ್ತಾ ಓಡಾಡಬೇಡಿ, ಸರಿಹೋಯಿತೇ ನೋಡೋಣ ಎಂದು ತಟ್ಟೆ ಬೀಳಿಸಿಯೂ ನೋಡಬೇಡಿ. ದಿನದ ಮಾತು, ಹೆಜ್ಜೆ ಸದ್ದು, ನಲ್ಲಿ ನೀರು ಎಂದಿನಂತೆ ನಡೆಯಲಿ. ಮಿಕ್ಸಿ ಹಾಕುವ ಮೊದಲು “ಅಮ್ಮಾ, ಮಿಕ್ಸಿ ಹಾಕ್ತೀನಿ” ಅಂತ ಒಂದು ಕೂಗು ಹಾಕಿ.