ಮಸ್ಕಿಯಲ್ಲಿ 213 ಮತ, ಮೂರು ವರ್ಷಕ್ಕೆ 30 ಸಾವಿರ

ಫಲಿತಾಂಶ ಬಂದ ಮೇಲೆ ರಾಯಚೂರು ಜಿಲ್ಲೆಯ ಹೋಟೆಲುಗಳಲ್ಲಿ ಒಂದು ಹಾಳೆ ಕೈಯಿಂದ ಕೈಗೆ ಓಡಾಡುತ್ತದೆ. ಝೆರಾಕ್ಸಿನ ಮೇಲೆ ಝೆರಾಕ್ಸ್ ಆಗಿ ಅಕ್ಷರ ಮಸುಕಾಗಿರುತ್ತವೆ. ಒಗ್ಗರಣಿ ಮಿರ್ಚಿಯ ಎಣ್ಣೆ ಅಂಟಿದ ಬೆರಳು ಸಾಲು ಸಾಲಾಗಿ ಕೆಳಗಿಳಿದು ತನ್ನೂರಿನ ಬೂತಿನ ಮುಂದೆ ನಿಲ್ಲುತ್ತದೆ. ಯಾರಿಗೆ ಎಷ್ಟು ಬಿದ್ದಿವೆ ಎಂಬುದೆಲ್ಲ ಅಲ್ಲಿದೆ. ಚುನಾವಣಾ ನಿಯಮದಲ್ಲಿ ಇದರ ಹೆಸರು ನಮೂನೆ 20, ಜನರ ಬಾಯಲ್ಲಿ ಬೂತ್ ಲಿಸ್ಟು. ಬಲಾಢ್ಯ ಶಾಸಕರೊಬ್ಬರ ವಿರುದ್ಧ ಜನ ತಮ್ಮ ಪಕ್ಷ ಬಿಟ್ಟು ಮತ ಹಾಕಿದರು ಎಂದರೆ ಅದರ ತೂಕ ಎಷ್ಟು ಎಂದು ತಿಳಿಯಲು ಈ ಹಾಳೆಯಿಂದಲೇ ಶುರು ಮಾಡಬೇಕು.

ಒಬ್ಬೊಬ್ಬರ ಮತ ಗುಟ್ಟಾಗಿ ಉಳಿಯುತ್ತದೆ, ಊರಿನ ಮತ ಉಳಿಯುವುದಿಲ್ಲ. ಮತಪತ್ರದ ಕಾಲದಲ್ಲಿ ಹಲವು ಮತಗಟ್ಟೆಗಳ ಚೀಟಿ ಬೆರೆಸಿ ಎಣಿಸುವ ಅವಕಾಶವಿತ್ತು. ಯಂತ್ರ ಬಂದ ಮೇಲೆ ಬೂತು ಬೂತಿನ ಲೆಕ್ಕ ಬೇರೆಯಾಗಿಯೇ ಹೊರಗೆ ಬೀಳುತ್ತದೆ. ಹಲವು ಯಂತ್ರಗಳ ಮತ ಕೂಡಿಸಿ ಎಣಿಸುವ ‘ಟೋಟಲೈಸರ್’ ಬೇಕೆಂದು ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು. ಕಾನೂನು ಆಯೋಗವೂ 2015ರ 255ನೇ ವರದಿಯಲ್ಲಿ ಅದನ್ನೇ ಶಿಫಾರಸು ಮಾಡಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಸಿಸಿ ರಸ್ತೆ, ಕೊಳವೆಬಾವಿ, ಆಶ್ರಯ ಮನೆ ಎಲ್ಲವಕ್ಕೂ ಶಾಸಕರ ಮನೆ ಬಾಗಿಲು ಕಾಯಬೇಕಾದ ಕಡೆ, ‘ನಿಮ್ಮೂರಾಗ ಲೀಡ್ ಬಂದಿಲ್ಲ’ ಎಂಬ ಒಂದು ಮಾತಿಗೆ ಇಡೀ ಊರು ಐದು ವರ್ಷ ಅಂಜುತ್ತದೆ. ಈ ಅಂಜಿಕೆ ಅರಿಯದವರಿಗೆ ಮಸ್ಕಿಯ ಕಥೆ ಬರೀ ಅಂಕಿಸಂಖ್ಯೆಯಾಗಿ ಕಾಣಬಹುದು.

ಮಸ್ಕಿ 2008ರ ಮರುವಿಂಗಡಣೆಯಲ್ಲಿ ಹುಟ್ಟಿದ, ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರ. ಅಂದಿನಿಂದ ಸತತ ಮೂರು ಸಲ ಗೆದ್ದವರು ಪ್ರತಾಪಗೌಡ ಪಾಟೀಲರು. 2008ರಲ್ಲಿ ಬಿಜೆಪಿಯಿಂದ, 2013 ಮತ್ತು 2018ರಲ್ಲಿ ಕಾಂಗ್ರೆಸ್ಸಿನಿಂದ. ಮೂರನೆಯ ಗೆಲುವು ಕೂದಲೆಳೆಯದು: ಬಿಜೆಪಿಯ ಬಸನಗೌಡ ತುರ್ವಿಹಾಳರ ವಿರುದ್ಧ ಬರೀ 213 ಮತ. ಮರುವರ್ಷ ಜುಲೈಯಲ್ಲಿ ಕಾಂಗ್ರೆಸ್-ಜೆಡಿಎಸ್ ಸಮ್ಮಿಶ್ರ ಸರ್ಕಾರ ಬಿದ್ದಾಗ ರಾಜೀನಾಮೆ ಕೊಟ್ಟವರಲ್ಲಿ ಪ್ರತಾಪಗೌಡರೂ ಒಬ್ಬರು. ಅಂದಿನ ಸ್ಪೀಕರ್ ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಮತ್ತೆ ಸ್ಪರ್ಧಿಸಬಹುದು ಎಂದಿತು. ಅನರ್ಹರಾದವರಲ್ಲಿ ಹೆಚ್ಚಿನವರು ಬಿಜೆಪಿ ಸೇರಿದರು, ಡಿಸೆಂಬರಿನ 15 ಉಪಚುನಾವಣೆಗಳಲ್ಲಿ ಬಿಜೆಪಿ 12 ಗೆದ್ದಿತು. ಪಕ್ಷಾಂತರಕ್ಕೆ ಜನರ ಒಪ್ಪಿಗೆ ಸಿಕ್ಕಿತೆಂದು ಆಗ ಬಹಳ ಮಂದಿ ತೀರ್ಮಾನಿಸಿದರು.

ಮಸ್ಕಿ ಆ 15ರಲ್ಲಿ ಇರಲಿಲ್ಲ. 2018ರ ಫಲಿತಾಂಶ ಪ್ರಶ್ನಿಸಿ ತುರ್ವಿಹಾಳರು ಹೈಕೋರ್ಟಿಗೆ ಹೋಗಿದ್ದರಿಂದ ಚುನಾವಣೆ ನಿಂತಿತು. ಹೆಚ್ಚುಕಡಿಮೆ ಎರಡು ವರ್ಷ ಕ್ಷೇತ್ರಕ್ಕೆ ಶಾಸಕರೇ ಇರಲಿಲ್ಲ. ಜನ ಪಕ್ಷಾಂತರವನ್ನು ಕೂತು ಯೋಚಿಸಿದ್ದು ಆ ಎರಡು ವರ್ಷದಲ್ಲೇ ಎಂಬುದು ನನ್ನ ಬಲವಾದ ನಂಬಿಕೆ. ಅದೇ ಹೊತ್ತಿಗೆ ನೀರಿನ ಹೋರಾಟವೂ ಕಾವೇರಿತು. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ಒಣಭೂಮಿಯ ರೈತರು ಪಾಮನಕಲ್ಲೂರಿನಲ್ಲಿ ಧರಣಿ ಕುಳಿತರು. ಸರ್ಕಾರ ಹನಿ ನೀರಾವರಿಯ ನಂದವಾಡಗಿ ಏತ ಯೋಜನೆಯತ್ತ ಕೈತೋರಿಸಿತು. ಹನಿ ನೀರಲ್ಲ, ಹೊಲಕ್ಕೆ ಹರಿದು ಬರುವ ನೀರು ಬೇಕು ಎಂದು ರೈತರು ಪಟ್ಟು ಹಿಡಿದರು. ಕೆಲವೇ ಹರದಾರಿ ಆಚೆ ಕಾಲುವೆ ತುಂಬಿ ಭತ್ತ ತೊನೆಯುವಾಗ, ಇತ್ತ ಮಳೆ ನಂಬಿ ತೊಗರಿ ಬಿತ್ತುವವರ ಸಂಕಟ ಅದು.

ಬಿಜೆಪಿ ಟಿಕೆಟ್ ಪ್ರತಾಪಗೌಡರ ಪಾಲಾಗುವುದು ಖಚಿತವಾದಾಗ ತುರ್ವಿಹಾಳರು ಕಾಂಗ್ರೆಸ್ ಸೇರಿದರು. 2021ರ ಏಪ್ರಿಲ್ 17ರಂದು ಕಣದಲ್ಲಿ ಅದೇ ಇಬ್ಬರು, ಚಿಹ್ನೆ ಮಾತ್ರ ಅದಲುಬದಲು. ಬಿ.ವೈ. ವಿಜಯೇಂದ್ರ ಅವರು ಕೆ.ಆರ್. ಪೇಟೆ, ಶಿರಾ ಗೆಲ್ಲಿಸಿ ಬಂದ ಹುರುಪಿನಲ್ಲಿ ಇಲ್ಲೂ ಠಿಕಾಣಿ ಹೂಡಿದ್ದರು. ಮುಖ್ಯಮಂತ್ರಿಯೇ ಬಂದು ಪ್ರಚಾರ ಮಾಡಿದರು. ಇತ್ತ ಹಲವು ಊರುಗಳಲ್ಲಿ ಜನ ತುರ್ವಿಹಾಳರಿಗೆ ತಾವೇ ದುಡ್ಡು ಕೊಟ್ಟು ಕಳಿಸಿದರು. ಓಟಿಗೆ ನೋಟು ಕೇಳುವವರೆಂದು ಹಳ್ಳಿಯವರನ್ನು ಹೀಗಳೆಯುವವರು ಈ ಮಾತನ್ನು ನೆನಪಿಡಲಿ.

ಮೇ 2ರಂದು ತುರ್ವಿಹಾಳರು 30 ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹಿಂದಿನ ಅಂತರ 213 ಆಗಿದ್ದರಿಂದ, ಎಲ್ಲರೂ ಪಕ್ಷ ನೋಡಿ ಹಾಕಿದ್ದರೂ, ಎಲ್ಲರೂ ಮುಖ ನೋಡಿ ಹಾಕಿದ್ದರೂ ಫಲಿತಾಂಶ ಸಮಸಮವೇ ಆಗಬೇಕಿತ್ತು. ಹಾಗಾಗಲಿಲ್ಲ. ಕಾಂಗ್ರೆಸ್ಸಿಗೆ ಹಾಕುತ್ತಿದ್ದವರಲ್ಲಿ ಹೆಚ್ಚಿನವರು ಹೋದವರ ಬೆನ್ನು ಹತ್ತಲಿಲ್ಲ. ಹಿಂದೆ ಕಮಲಕ್ಕೆ ಒತ್ತಿದವರಲ್ಲಿ ದೊಡ್ಡ ಪಾಲು ತುರ್ವಿಹಾಳರ ಜೊತೆ ಗಡಿ ದಾಟಿತು. ಮೀಸಲು ಕ್ಷೇತ್ರವಾದ್ದರಿಂದ ಇಬ್ಬರೂ ಪರಿಶಿಷ್ಟ ಪಂಗಡದವರೇ. ನಮ್ಮವನು, ಬೇರೆಯವನು ಎಂಬ ಜಾತಿಯ ಲೆಕ್ಕ ಇಲ್ಲಿ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಕೈಗೆ ಹಾಕಿದ ಮತ ಹೂವಿನ ಪಾಲಾಯಿತೆಂಬ ಸಿಟ್ಟು ಕಾಂಗ್ರೆಸ್ಸಿಗರದು. ಸೋತರೂ ತಮ್ಮ ಜೊತೆಗಿದ್ದವನನ್ನು ಬದಿಗೆ ಸರಿಸಿದರಲ್ಲ ಎಂಬ ನೋವು ಬಿಜೆಪಿಯವರದು. ಎರಡೂ ಒಂದೇ ಬಟನ್ನಿಗೆ ಬಂದು ಸೇರಿದವು. 2023ರಲ್ಲಿ ಅದೇ ಇಬ್ಬರ ನಡುವೆ ಮತ್ತೆ ತುರ್ವಿಹಾಳರೇ ಸುಮಾರು 13 ಸಾವಿರದಿಂದ ಗೆದ್ದರು.

ಅದೇ 2023ರಲ್ಲಿ ಪಕ್ಕದ ದೇವದುರ್ಗದ್ದು ಇನ್ನೊಂದು ಬಗೆ. ಕೆ. ಶಿವನಗೌಡ ನಾಯಕರು 2008ರ ಮೇನಲ್ಲಿ ಜೆಡಿಎಸ್‌ನಿಂದ ಗೆದ್ದು, ರಾಜೀನಾಮೆ ಕೊಟ್ಟು, ಡಿಸೆಂಬರಿನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಮತ್ತೆ ಗೆದ್ದವರು. ‘ಆಪರೇಷನ್ ಕಮಲ’ ಎಂಬ ಪದ ಹುಟ್ಟಿದ ಹೊತ್ತು ಅದು. 2013ರಲ್ಲಿ ಕಾಂಗ್ರೆಸ್ಸಿನ ಎ. ವೆಂಕಟೇಶ ನಾಯಕರ ಎದುರು ಸೋತರು. 2015ರ ಆಗಸ್ಟಿನಲ್ಲಿ ವೆಂಕಟೇಶ ನಾಯಕರು ರೈಲು ಅಪಘಾತದಲ್ಲಿ ತೀರಿಕೊಂಡರು. 2016ರ ಉಪಚುನಾವಣೆ, 2018ರ ಚುನಾವಣೆ ಎರಡನ್ನೂ ಶಿವನಗೌಡರೇ ಗೆದ್ದರು. 2018ರಲ್ಲಿ ಕಾಂಗ್ರೆಸ್ ಎರಡನೆಯ ಸ್ಥಾನದಲ್ಲಿತ್ತು.

ಐದು ವರ್ಷ ಕಳೆದು ಜೆಡಿಎಸ್‌ನ ಕರೆಮ್ಮ 34,256 ಮತಗಳ ಅಂತರದಿಂದ ಶಿವನಗೌಡರನ್ನು ಸೋಲಿಸಿದರು. ರಾಜ್ಯದಲ್ಲಿ 135 ಸೀಟು ಗೆದ್ದ ಕಾಂಗ್ರೆಸ್ಸಿಗೆ ದೇವದುರ್ಗದಲ್ಲಿ ಠೇವಣಿಯೂ ಉಳಿಯಲಿಲ್ಲ. ರಾಜ್ಯವೆಲ್ಲ ಕಾಂಗ್ರೆಸ್ ಕಡೆ ವಾಲುತ್ತಿದ್ದಾಗ ಇಲ್ಲಿನ ಕಾಂಗ್ರೆಸ್ ಮತದಾರರು ತಮ್ಮ ಅಭ್ಯರ್ಥಿಯನ್ನೇ ಬಿಟ್ಟು, ಸೋತು ಸೋತು ಮತ್ತೆ ಬಾಗಿಲಿಗೆ ಬಂದ ಹೆಣ್ಣುಮಗಳ ಹಿಂದೆ ನಿಂತರು. ಮತ ಒಡೆದರೆ ಯಾರಿಗೆ ಲಾಭ ಎಂಬುದು ಅವರಿಗೆ 2018ರಲ್ಲೇ ಮನದಟ್ಟಾಗಿತ್ತು. ಇದನ್ನು ಅಲೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಅಲೆ ಹರಿಯುತ್ತಿದ್ದುದು ಬೇರೆ ದಿಕ್ಕಿಗೆ.

ನಾಲ್ಕು ತಿಂಗಳಿಗೆ, ಆ ಸೆಪ್ಟೆಂಬರಿನಲ್ಲಿ, ಜೆಡಿಎಸ್ ಎನ್‌ಡಿಎ ಸೇರಿತು. ಶಿವನಗೌಡರ ಪಕ್ಷವೂ ಕರೆಮ್ಮನವರ ಪಕ್ಷವೂ ಒಂದೇ ಕೂಟದೊಳಗೆ ಬಂದವು. ಕಮಲವನ್ನು ಸೋಲಿಸಲು ತೆನೆ ಹೊತ್ತ ಮಹಿಳೆಗೆ ಮತ ಹಾಕಿದವರನ್ನು 2024ರ ಲೋಕಸಭಾ ಚುನಾವಣೆಯಲ್ಲಿ ಅದೇ ಮೈತ್ರಿಕೂಟ ಕಮಲಕ್ಕೆ ಮತ ಕೇಳಿತು. 2019ರಲ್ಲಿ 1.17 ಲಕ್ಷ ಮತಗಳ ಅಂತರದಿಂದ ಬಿಜೆಪಿಯನ್ನು ಗೆಲ್ಲಿಸಿದ್ದ ರಾಯಚೂರು ಕ್ಷೇತ್ರ ಈ ಸಲ ಕಾಂಗ್ರೆಸ್ಸಿನ ಜಿ. ಕುಮಾರ ನಾಯಕರನ್ನು 79,781 ಮತಗಳಿಂದ ಗೆಲ್ಲಿಸಿತು. ಬೂತ್ ಲಿಸ್ಟಿನ ಝೆರಾಕ್ಸ್ ಮತ್ತೆ ಹೋಟೆಲಿನ ಮೇಜಿಗೆ ಬಂತು.