ಎ.ಎಂ., ಪಿ.ಎಂ. ಸಂಸ್ಕೃತದಿಂದ ಬಂದವೇ?

ಪ್ರಶ್ನೆ: ಎ.ಎಂ. ಅಂದರೆ ‘ಆರೋಹಣಂ ಮಾರ್ತಾಂಡಸ್ಯ’, ಪಿ.ಎಂ. ಅಂದರೆ ‘ಪತನಂ ಮಾರ್ತಾಂಡಸ್ಯ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ನಿಜವೇ?

ನಿಜವಲ್ಲ. ಎಷ್ಟು ಸಲ ಉತ್ತರಿಸಿದರೂ ಇದು ಮತ್ತೆ ಬರುತ್ತಲೇ ಇದೆ. ಹಾಗಾಗಿ ಈ ಸಲ ಬಿಡಿಸಿಯೇ ಹೇಳುತ್ತೇನೆ.

ಇವು ಲ್ಯಾಟಿನ್ನಿನ ‘ಆಂಟೆ ಮೆರಿಡಿಯೆಮ್’, ‘ಪೋಸ್ಟ್ ಮೆರಿಡಿಯೆಮ್’. ಆಂಟೆ ಅಂದರೆ ಮೊದಲು, ಪೋಸ್ಟ್ ಅಂದರೆ ನಂತರ, ಮೆರಿಡಿಯೆಸ್ ಅಂದರೆ ನಡುಹಗಲು. ಕ್ರಿ.ಪೂ. 450ರ ಸುಮಾರಿನ ರೋಮಿನ ‘ಹನ್ನೆರಡು ಫಲಕಗಳ’ ಕಾನೂನಿನಲ್ಲೇ ಎರಡೂ ಮಾತು ಸಿಗುತ್ತವೆ: ಕಕ್ಷಿದಾರರು ರಾಜಿಯಾಗದಿದ್ದರೆ ನಡುಹಗಲಿಗೆ ಮೊದಲು ವ್ಯಾಜ್ಯ ಮಂಡಿಸಬೇಕು, ನಡುಹಗಲು ಕಳೆದ ಮೇಲೆ, ಹಾಜರಿದ್ದವನ ಪರವಾಗಿ ತೀರ್ಪು.

ಇನ್ನು ಆ ಮಾರ್ತಾಂಡನ ಕಥೆ. ಆರೋಹಣಕ್ಕೆ ಜೋಡಿ ಯಾವುದು? ಸಂಗೀತ ಪಾಠಕ್ಕೆ ಹೋಗುವ ಮಗುವನ್ನು ಕೇಳಿ, ‘ಅವರೋಹಣ’ ಎನ್ನುತ್ತದೆ. ಹಾಗೆ ಬರೆದರೆ ಸಂಜೆಯೂ ಎ.ಎಂ. ಆಗಿಬಿಡುತ್ತದೆ! ‘ಪಿ’ ಅಕ್ಷರ ಹೊಂದಿಸಲೆಂದೇ ‘ಪತನ’ವನ್ನು ಎಳೆದು ತಂದಿದ್ದಾರೆ. ಸಂಸ್ಕೃತದಲ್ಲಿ ಈ ಹೊತ್ತುಗಳಿಗೆ ಪೂರ್ವಾಹ್ಣ, ಅಪರಾಹ್ಣ ಎಂಬ ಚೆಂದದ ಹೆಸರುಗಳು ಆಗಲೇ ಇವೆ. ಲಗ್ನಪತ್ರಿಕೆಗಳಲ್ಲಿ ಇವತ್ತಿಗೂ ಅಚ್ಚಾಗುತ್ತವೆ. ಅದೂ ಅಲ್ಲದೆ, ನಮ್ಮ ಪಂಚಾಂಗದ ಲೆಕ್ಕ ಸೂರ್ಯೋದಯದಿಂದ ಶುರು: ದಿನಕ್ಕೆ 60 ಘಳಿಗೆ, ಒಂದೊಂದೂ 24 ನಿಮಿಷ. ದಿನವನ್ನು ಹನ್ನೆರಡು ಹನ್ನೆರಡು ಗಂಟೆಯಾಗಿ ಎರಡು ಪಾಲು ಮಾಡದ ಪದ್ಧತಿಗೆ ಎ.ಎಂ., ಪಿ.ಎಂ. ಗುರುತು ಯಾತಕ್ಕೆ ಬೇಕು?

ಹೆಮ್ಮೆಪಡುವ ನಂಟು ಬೇಕಿದ್ದರೆ ನಿಜವಾದದ್ದೇ ಇದೆ. ಮೆರಿಡಿಯೆಸ್‌ನ ಹಳೆಯ ರೂಪ ‘ಮೆಡಿಡಿಯೆಸ್’. ಪ್ರೆನೆಸ್ಟೆ ಊರಿನ ನೆರಳು ಗಡಿಯಾರದ ಮೇಲೆ ‘ಡ’ಕಾರದಲ್ಲೇ ಕೆತ್ತಿದ್ದನ್ನು ಕಂಡೆ ಎಂದು ರೋಮನ್ ಪಂಡಿತ ವರ್ರೋ ಬರೆದಿದ್ದಾನೆ. ಅದರೊಳಗಿನ ‘ಮೆಡಿಯುಸ್’ ನಮ್ಮ ‘ಮಧ್ಯ’ಕ್ಕೆ, ‘ಡಿಯೆಸ್’ ನಮ್ಮ ‘ದಿವ’ಕ್ಕೆ ದಾಯಾದಿ. ಇಬ್ಬರಿಗೂ ಮೂಲಭಾಷೆ ಒಂದೇ. ಒಬ್ಬರಿಂದ ಇನ್ನೊಬ್ಬರು ಕದ್ದದ್ದಲ್ಲ.

ಹಾಗಾದರೆ ಮಧ್ಯಾಹ್ನ ಸರಿಯಾಗಿ 12 ಗಂಟೆ? ಪದದ ಅರ್ಥ ಹಿಡಿದರೆ ಅದು ಮೊದಲೂ ಅಲ್ಲ, ನಂತರವೂ ಅಲ್ಲ. ಬಳಕೆಯಲ್ಲಿ 12 ಪಿ.ಎಂ. ಅಂದರೆ ಮಧ್ಯಾಹ್ನ, 12 ಎ.ಎಂ. ಅಂದರೆ ನಡುರಾತ್ರಿ. ಆಹ್ವಾನಪತ್ರಿಕೆಯಲ್ಲಿ ‘ಮಧ್ಯಾಹ್ನ 12’ ಎಂದೇ ಬರೆಯಿರಿ. ಎಡವುವುದು ನಡುರಾತ್ರಿಯ ಹತ್ತಿರ: ರೈಲು ಟಿಕೆಟ್‌ನಲ್ಲಿ 15ನೇ ತಾರೀಖು 00:15 ಎಂದಿದ್ದರೆ, 14ರ ರಾತ್ರಿ ಊಟ ಮುಗಿಸಿ ಹೊರಡಬೇಕು. 15ರ ರಾತ್ರಿ ಹೋದರೆ ರೈಲು ಹೋಗಿ ಒಂದು ದಿನವಾಗಿರುತ್ತದೆ.