ತಾತ ಬೆಲ್ಜಿಯಂಗೆ ಬಂದಿದ್ದು ಕಲ್ಲಿದ್ದಲಿನ ಲೆಕ್ಕದಲ್ಲಿ

ಬೆಲ್ಜಿಯಂನ ಶಾರ್ಲರುವಾ ಸುತ್ತಲಿನ ಗಣಿ ಊರುಗಳಲ್ಲಿ ಬಾಗಿಲ ಮೇಲಿನ ಹೆಸರು ಓದುತ್ತಾ ಹೋದರೆ, ಇದೇನು ಇಟಲಿಗೆ ಬಂದುಬಿಟ್ಟೆವಾ ಅನಿಸುತ್ತದೆ. ತಾತ ಕೆಲಸ ಹುಡುಕಿಕೊಂಡು ಬಂದರು ಅಂತ ಮೊಮ್ಮಕ್ಕಳು ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ತಾತನನ್ನು ರೈಲು ಹತ್ತಿಸಿದ್ದು ಎರಡು ಸರ್ಕಾರಗಳ ವ್ಯಾಪಾರ.

ಎರಡನೇ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಬೆಲ್ಜಿಯಂನಲ್ಲಿ ಕಲ್ಲಿದ್ದಲು ಬೇಕಾದಷ್ಟಿತ್ತು, ಗಣಿಗೆ ಇಳಿಯೋಕೆ ಅಲ್ಲಿನವರಿಗೇ ಮನಸ್ಸಿರಲಿಲ್ಲ, ಜರ್ಮನ್ ಯುದ್ಧಕೈದಿಗಳಿಂದ ಅಗೆಸುತ್ತಿದ್ದರು, ಅವರನ್ನೂ ಎಷ್ಟು ದಿನ ಅಂತ ಇಟ್ಟುಕೊಳ್ಳೋದು? ಇಟಲಿಯಲ್ಲಿ ಉಲ್ಟಾ. ಜನ ಜಾಸ್ತಿ, ಕೆಲಸವಿಲ್ಲ, ಕಲ್ಲಿದ್ದಲೂ ಇಲ್ಲ. 1946ರ ಜೂನ್ 23ರಂದು ಒಪ್ಪಂದವಾಯಿತು: ವಾರಕ್ಕೆ 2,000ದಂತೆ 50,000 ಆಳು ಕಳಿಸಿ, ಕಲ್ಲಿದ್ದಲು ತಗೊಳ್ಳಿ.

ಊರೂರಲ್ಲಿ ಗುಲಾಬಿ ಬಣ್ಣದ ಪೋಸ್ಟರ್ ಅಂಟಿಸಿದರು. ಅದರಲ್ಲಿ ಸಂಬಳ, ಪಿಂಚಣಿ, ಮಕ್ಕಳ ಭತ್ಯೆ ಎಲ್ಲ ಇತ್ತು, ಗಣಿಯೊಳಗಿನ ಅಪಾಯದ ಸುದ್ದಿ ಮಾತ್ರ ಇರಲಿಲ್ಲ. ಮಿಲಾನ್ ಸ್ಟೇಷನ್ನಿನ ನೆಲಮಾಳಿಗೆಯಲ್ಲಿ ಡಾಕ್ಟರ್ ತಪಾಸಣೆ ಮುಗಿಸಿ ರೈಲು ಹತ್ತಿದವರಲ್ಲಿ ಎಷ್ಟೋ ಜನಕ್ಕೆ ಸಿಕ್ಕ ಮನೆ, ಕೈದಿಗಳಿದ್ದ ತಗಡಿನ ಶೆಡ್ಡು. ಬೇಸಿಗೆಯಲ್ಲಿ ಕಾದ ಬಾಣಲೆ, ಚಳಿಗಾಲದಲ್ಲಿ ಕೊರೆಯುವ ಥಂಡಿ. ಹೆಂಡತಿ ಮಕ್ಕಳನ್ನು ಕರೆಸಿಕೊಂಡು ಸಂಸಾರ ಹೂಡಿದ್ದೂ ಅಲ್ಲೇ. ಗಣಿಗೆ ಇಳಿಯಲ್ಲ ಅಂತ ಹಟ ಹಿಡಿದವರನ್ನು ಬ್ರಸೆಲ್ಸ್‌ನಲ್ಲಿ ಕೂಡಿಹಾಕಿ ವಾಪಸ್ ಅಟ್ಟುತ್ತಿದ್ದರು. ಇದನ್ನು ಉದ್ಯೋಗ ಅಂತ ಕರೆಯೋಕೆ ನನಗಂತೂ ಬಾಯಿ ಬರಲ್ಲ.

ಗಣಿಯ ಬಟ್ಟೆ ಬದಲಿಸುವ ಕೋಣೆಯಲ್ಲಿ ಪ್ರತಿಯೊಬ್ಬನಿಗೂ ಒಂದು ಸರಪಳಿ, ಒಂದು ಕೊಕ್ಕೆ. ಅಂಗಿ ಪ್ಯಾಂಟು ಸಿಕ್ಕಿಸಿ ಮೇಲಕ್ಕೆಳೆದರೆ ಸೂರಿನ ಹತ್ತಿರ ಸಾಲಾಗಿ ತೂಗಾಡುತ್ತಿದ್ದವು. ಫ್ರೆಂಚ್‌ನಲ್ಲಿ ಅದಕ್ಕೆ ನೇಣುಬಿದ್ದವರ ಕೋಣೆ ಅಂತಲೇ ಹೆಸರು.

1956ರ ಆಗಸ್ಟ್ 8ರ ಬೆಳಗ್ಗೆ ಶಾರ್ಲರುವಾ ಪಕ್ಕದ ಮಾರ್ಸಿನೆಲ್‌ನ ಬ್ವಾ ದು ಕಾಜಿಯೆ ಗಣಿಯಲ್ಲಿ 275 ಜನ ಕೆಳಗಿಳಿದಿದ್ದರು. 975 ಮೀಟರ್ ಆಳದಲ್ಲಿ ಕಲ್ಲಿದ್ದಲ ವ್ಯಾಗನ್ ಲಿಫ್ಟಿನೊಳಗೆ ಪೂರ್ತಿ ಸೇರಲೇ ಇಲ್ಲ, ಅರ್ಧ ಹೊರಗಿರುವಾಗಲೇ ಲಿಫ್ಟ್ ಮೇಲೆದ್ದಿತು, ಚಾಚಿಕೊಂಡಿದ್ದ ವ್ಯಾಗನ್ ತೊಲೆಗೆ ಬಡಿದು ಎಣ್ಣೆ ಪೈಪು, ಕರೆಂಟ್ ಕೇಬಲ್ ಎರಡೂ ಕಿತ್ತುಬಂದವು. ಬೆಂಕಿ. 262 ಜನ ಸತ್ತರು, ಅವರಲ್ಲಿ 136 ಮಂದಿ ಇಟಲಿಯವರು. ಇಟಲಿಯ ಅಬ್ರುಜ್ಜೋ ಪ್ರಾಂತ್ಯದ ಮನೊಪ್ಪೆಲ್ಲೋ ಅನ್ನೋ ಒಂದೇ ಊರಿನವರು 20ಕ್ಕೂ ಹೆಚ್ಚು.

ಇಟಲಿ ಆಮೇಲೆ ಆಳು ಕಳಿಸೋದು ನಿಲ್ಲಿಸಿತು. ಬೆಲ್ಜಿಯಂ ಸ್ಪೇನ್, ಗ್ರೀಸ್ ಕಡೆ ತಿರುಗಿತು, 1964ರಲ್ಲಿ ಮೊರೊಕ್ಕೋ, ಟರ್ಕಿ ಜೊತೆಗೂ ಇದೇ ತರದ ಒಪ್ಪಂದ ಮಾಡಿಕೊಂಡಿತು. ಮೊದಲೇ ಬಂದಿದ್ದ ಇಟಲಿಯವರಲ್ಲಿ ಬಹಳ ಮಂದಿ ಅಲ್ಲೇ ಉಳಿದರು. ಅಬ್ರುಜ್ಜೋದಿಂದ ಹೀಗೆ ಬಂದ ಒಂದು ಬಡ ಕುಟುಂಬದಲ್ಲಿ 1951ರಲ್ಲಿ ಹುಟ್ಟಿದ ಎಲಿಯೊ ದಿ ರೂಪೊ, 2011ರಲ್ಲಿ ಬೆಲ್ಜಿಯಂ ಪ್ರಧಾನಿಯಾದರು.